ಕಳೆ ಸಾಕುವವರು

ದೊಡ್ಡಮ್ಮ ಗೇಟಿನ ಬಳ್ಳಿಯ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿರುವುದನ್ನು ಕಂಡು, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಅವಳು ಕಿಟಕಿಯ ಹತ್ತಿರ ನಿಂತುಬಿಟ್ಟಳು. ಮಗುವಿನ ಮೂಗು ಒರೆಸುವ ಹಾಗೆ ಎಲೆಯ ಬೆನ್ನಿಗೆ ಒಂದು ಕೈ ಆನಿಸಿ ಇನ್ನೊಂದರಲ್ಲಿ ಒರೆಸುವುದು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಮುಖ ಕಿವುಚುವುದು, ಬಕೆಟ್ಟಿನಲ್ಲಿ ಅದ್ದಿ ಹಿಂಡುವುದು, ಮತ್ತೆ ಮುಂದಿನ ಎಲೆ. ಬಕೆಟ್ಟಿನ ನೀರು ಇಟ್ಟಿಗೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ಅವಳಿಗೆ ಗೊತ್ತಿತ್ತು. ಆ ಬಣ್ಣಕ್ಕಾಗಿ ಅವಳು ತನ್ನ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ ಕಾದ ಹಾಗೆ ಬೇರೆ ಹುಡುಗಿಯರು ಯಾರದೋ ಮೆಸೇಜಿಗೂ ಕಾದಿರಲಾರರು. ಟೂತ್‌ಪೇಸ್ಟಿನ ನೊರೆ ಗಲ್ಲದಿಂದ ಇಳಿದು ನೈಟಿಯ ಮೇಲೆ ಬಿದ್ದಾಗಲೇ ತಾನು ನಗುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು. ಗೊತ್ತಾದ ಕೂಡಲೇ ಕಿಟಕಿಯಿಂದ ಹಿಂದೆ ಸರಿದಳು.

"ಬಂದ್ಯಾ? ನೋಡೇ ಇಲ್ಲಿ, ಇದಕ್ಕೇನೋ ಆಗಿದೆ" ಎಂದಳು ದೊಡ್ಡಮ್ಮ, ಅವಳು ಅಂಗಳಕ್ಕೆ ಬಂದಾಗ. "ಎಲೆ ಹಿಂದೆ ಎಲ್ಲ ಗುಳ್ಳೆ ಗುಳ್ಳೆ. ಮುಟ್ಟಿದ್ರೆ ಪುಡಿ ಉದುರುತ್ತೆ. ನೀನು ಓದ್ತಿರೋದು ಗಿಡದ್ದೇ ಅಲ್ವಾ, ಏನು ಹೇಳು ಇದು."

"ಬಾಯಿ ತೊಳ್ಕೊಂಡು ಬರ್ತೀನಿ ದೊಡ್ಡಮ್ಮ."

"ಬಾಯಿ ತೊಳ್ಕೊಳ್ದಿದ್ರೆ ಕಣ್ಣು ಕಾಣಲ್ವಾ?"

ಕಣ್ಣು ಕಾಣುತ್ತಿತ್ತು. ಅದೇ ತೊಂದರೆ. ಅವಳು ಎರಡು ವರ್ಷದಿಂದ ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದ ಗುಳ್ಳೆಗಳು, ಒಂದಕ್ಕೊಂದು ಅಂಟಿಕೊಂಡು, ಒಡೆದು, ಕಿತ್ತಳೆ ಪುಡಿಯನ್ನು ಧಾರಾಳವಾಗಿ ಸುರಿಯುತ್ತ, ದೊಡ್ಡಮ್ಮನ ನೀಲಿ ಗೇಟಿನ ಮೇಲೆ ಮೆರವಣಿಗೆ ಹೊರಟಿದ್ದವು. ಜಗಲಿಯ ಕುರ್ಚಿಯಲ್ಲಿ ಪಟ್ಟೆ ಪೈಜಾಮ ತೊಟ್ಟು ಪೇಪರ್ ಹಿಡಿದಿದ್ದ ದೊಡ್ಡಪ್ಪ ತಲೆ ಎತ್ತದೆ ಕೇಳಿದ: "ಏನು ಬೂಷ್ಟು, ನಿಮ್ಮ ಬೂಷ್ಟಿನ ಪರೀಕ್ಷೆ ಇವತ್ತೇ ತಾನೆ? ಪಾಸೋ ಫೇಲೋ?" ಅವಳು ಈ ಮನೆಗೆ ಬಂದು ಶಿಲೀಂಧ್ರದ ಮೇಲೆ ಸಂಶೋಧನೆ ಮಾಡುತ್ತೇನೆ ಎಂದ ಮೊದಲ ವಾರವೇ ದೊಡ್ಡಪ್ಪ ಬೂಷ್ಟು ಹಿಡಿದ ಬ್ರೆಡ್ಡಿನ ತುಂಡೊಂದನ್ನು ತಟ್ಟೆಯಲ್ಲಿಟ್ಟು ತಂದು, "ತಗೋ, ನಿನ್ನ ಥೀಸಿಸ್ ರೆಡಿ. ಸುಮ್ನೆ ಬಸ್ ಚಾರ್ಜ್ ಯಾಕೆ ದಂಡ ಮಾಡ್ತೀಯ" ಎಂದಿದ್ದ. ಅಂದಿನಿಂದ ಅವಳ ಹೆಸರು ಬೂಷ್ಟು. ಬೀದಿಯವರೆಲ್ಲ ಅದನ್ನೇ ಹಿಡಿದಿದ್ದರು. ಎದುರುಮನೆಯಾಕೆ ಮಾತ್ರ ಮರ್ಯಾದೆ ಕೊಟ್ಟು ಬೂಷ್ಟಮ್ಮ ಎನ್ನುತ್ತಿದ್ದಳು. ದೊಡ್ಡಪ್ಪನಿಗೆ ಇನ್ನೊಂದು ಮೆಚ್ಚಿನ ಮಾತಿತ್ತು, ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ: "ಮಕ್ಕಳಿಲ್ಲ ಅಂತ ಯಾರು ಹೇಳಿದ್ದು? ನಮ್ಮನೆಯವಳಿಗೆ ಇಬ್ಬರು. ದೊಡ್ಡದು ಬಳ್ಳಿ, ಚಿಕ್ಕದು ಬೂಷ್ಟು." ಆಗ ದೊಡ್ಡಮ್ಮ ಸುಮ್ಮನೆ ನಗುತ್ತಿದ್ದಳು, ಮತ್ತು ಬೂಷ್ಟು ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದಳು, ಬಾಡಿಗೆ ಕೊಡದೆ ಇರುವವರು ತೋರಿಸಬೇಕಾದ ಚುರುಕಿನಿಂದ.

ಅವಳ ಕೇಂದ್ರಕ್ಕೆ ಬೋರ್ಡಿನಲ್ಲಿ ಹಿಡಿಯದಷ್ಟು ಉದ್ದದ ಹೆಸರಿತ್ತು. ಬಸ್ಸಿನ ಕಂಡಕ್ಟರು 'ಕಳೆ ಆಫೀಸ್' ಎಂದು ಕೂಗುತ್ತಿದ್ದ, ಇಳಿಯುವವರು ಕೇಳಿಸದವರ ಹಾಗೆ ಇಳಿಯುತ್ತಿದ್ದರು. ಊರಾಚೆಯ ಕಾಡನ್ನು ಹೊರದೇಶದ ಬಳ್ಳಿಯೊಂದು ನುಂಗುತ್ತಿತ್ತು. ಮರಕ್ಕೆ ಸುತ್ತಿ ಹತ್ತಿ, ಮೇಲೆ ಕಂಬಳಿಯ ಹಾಗೆ ಹೊದ್ದು, ಬೆಳಕು ಕೊಡದೆ ಉಸಿರುಗಟ್ಟಿಸುತ್ತಿದ್ದುದರಿಂದ ಅದಕ್ಕೆ ಕತ್ತುಬಳ್ಳಿ ಎಂದು ಹೆಸರು. ಕಡಿದರೆ ಎರಡಾಗಿ ಚಿಗುರುತ್ತಿತ್ತು. ವಿಷ ಹೊಡೆದರೆ ಅಕ್ಕಪಕ್ಕದ್ದೆಲ್ಲ ಸತ್ತು ಅದೊಂದು ಉಳಿಯುತ್ತಿತ್ತು. ಅದರ ಹುಟ್ಟೂರಿನಲ್ಲಿ ಅದನ್ನು ಹದ್ದುಬಸ್ತಿನಲ್ಲಿಡುವ ಶಿಲೀಂಧ್ರವೊಂದಿತ್ತು. ತುಕ್ಕು ರೋಗದ ಜಾತಿಯದು, ಎಲೆಯ ಬೆನ್ನಿನಲ್ಲಿ ಗುಳ್ಳೆ ಎಬ್ಬಿಸಿ ಎಲೆಯನ್ನು ಒಣಗಿಸುವಂಥದು. ಬಳ್ಳಿ ಬರುವಾಗ ಶತ್ರುವನ್ನು ಅಲ್ಲೇ ಬಿಟ್ಟು ಬಂದಿದೆ, ಈಗ ಶತ್ರುವನ್ನೂ ಕರೆಸಿಕೊಂಡರೆ ಆಯಿತು ಎಂದು ಕೇಂದ್ರ ತೀರ್ಮಾನಿಸಿತು. ಶತ್ರು ವಿಮಾನದಲ್ಲಿ ಬಂದ. ಬಂದವನು ಗಾಜಿನ ಮನೆಯಲ್ಲಿ ಕೂತು, ಕೆಲಸ ಕಾಯಂ ಆದ ನೌಕರನ ಹಾಗೆ, ಏನೂ ಮಾಡಲಿಲ್ಲ. ಪುಡಿಯನ್ನು ಎಲೆಗೆ ಹಚ್ಚಿದರು, ಸಿಂಪಡಿಸಿದರು, ಊದಿದರು. ಎಲೆ ಹಸಿರಾಗಿಯೇ ಇತ್ತು. ಎಲೆ ರಾತ್ರಿಯೆಲ್ಲ ಒದ್ದೆಯಾಗಿರಬೇಕು, ಗಾಳಿಯಲ್ಲಿ ತೇವ ಇರಬೇಕು. ತೇವ ಮಾಡುವ ಯಂತ್ರ ಬಂದ ದಿನದಿಂದ ಕೆಟ್ಟಿತ್ತು, ರಿಪೇರಿ ಯಾವಾಗ ಎಂದು ಕೇಳಿದರೆ ಪ್ರೊಫೆಸರು "ನಾಳೆ ನೋಡೋಣಮ್ಮ" ಎನ್ನುತ್ತಿದ್ದರು. ಎಲ್ಲದಕ್ಕೂ ಅವರದು ಅದೇ ಉತ್ತರವಾದ್ದರಿಂದ ಹುಡುಗರು ಅವರಿಗೆ ನಾಳೆ ಸಾರ್ ಎಂದು ಹೆಸರಿಟ್ಟಿದ್ದರು. ಆದರೂ ನಾಳೆ ಸಾರ್ ಕಳೆದ ವರ್ಷದ ಸಭೆಯಲ್ಲಿ ಎದೆಯುಬ್ಬಿಸಿ ಮಾತಾಡಿದ್ದರು: ಈ ಶಿಲೀಂಧ್ರ ಸಂಪೂರ್ಣ ಸುರಕ್ಷಿತ, ಕತ್ತುಬಳ್ಳಿಯ ನೆಂಟರಿಷ್ಟರಾದ ಯಾವ ಬೆಳೆಗೂ ಇದು ತಗುಲಿಲ್ಲ! ಯಾವುದಕ್ಕೂ ತಗುಲದ್ದು ಬೆಳೆಗೂ ತಗುಲಿರಲಿಲ್ಲ, ಅಷ್ಟೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳೂ ತಟ್ಟಿದಳು, ಸ್ವಲ್ಪ ಜೋರಾಗಿಯೇ.

ಇನ್ನೂ ನಗೆಗೇಡಿನ ಸಂಗತಿಯೆಂದರೆ ಕಾಡಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಬೆಳೆಯುವ ಬಳ್ಳಿ ಕೇಂದ್ರದ ಕುಂಡಗಳಲ್ಲಿ ಸಾಯುತ್ತಿತ್ತು. ರೋಗ ಹಚ್ಚಬೇಕಾದರೆ ಮೊದಲು ಆರೋಗ್ಯವಂತ ಬಳ್ಳಿ ಬೇಕಲ್ಲ. ಅದಕ್ಕೆ ಜರಡಿ ಹಿಡಿದ ಮಣ್ಣು, ಗೊಬ್ಬರ, ನೆರಳಿಗೆ ಬಲೆ. "ಕಳೆಗೆ ಗೊಬ್ಬರ ಹಾಕೋ ಮಾಲಿ ಪ್ರಪಂಚದಲ್ಲಿ ನಾನೊಬ್ನೇ ಕಣಮ್ಮ. ನಮ್ಮನೇಲಿ ಹೇಳಿಲ್ಲ, ನಂಬಲ್ಲ ಅವ್ರು" ಎನ್ನುತ್ತಿದ್ದ ಮಾಲಿ. ಒಮ್ಮೆ ನಾಳೆ ಸಾರ್ ಬಾಡಿದ ಕುಂಡದ ಮುಂದೆ ನಿಂತು, ಎಲ್ಲರೆದುರಿಗೆ, "ಕಳೆ ಬೆಳೆಸೋಕೂ ಬರಲ್ವೇನಮ್ಮ ನಿಂಗೆ?" ಎಂದಿದ್ದರು. ಆ ಮಾತು ಅವಳೊಳಗೆ ಎಲ್ಲೋ ಬೇರು ಬಿಟ್ಟಿತ್ತು, ಆರೈಕೆಯಿಲ್ಲದೆಯೇ ಸೊಂಪಾಗಿ. ಆವತ್ತು ಮನೆಗೆ ಬಂದಾಗ ಗೇಟಿನ ಮೇಲೆ ಅದೇ ಬಳ್ಳಿ, ಬಿಳಿ ಹೂವಿನ ಗೊಂಚಲು ತೂಗಿಕೊಂಡು, ತಲೆ ತಗ್ಗಿಸಿ ಒಳಗೆ ಬಾ ಎನ್ನುವ ಹಾಗೆ ನಿಂತಿತ್ತು. ದೊಡ್ಡಮ್ಮ ಅದನ್ನು ಚಂದ್ರಬಳ್ಳಿ ಎನ್ನುತ್ತಿದ್ದಳು. ಯಾವುದೋ ಮನೆಯ ಕಾಂಪೌಂಡಿನಿಂದ, ಕೇಳಿದರೆ ಕೊಡುತ್ತಾರೋ ಇಲ್ಲವೋ ಎಂದು ಕೇಳದೆಯೇ ಒಂದು ತುಂಡು ಮುರಿದು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿ ತಂದಿದ್ದಳಂತೆ. ದೊಡ್ಡಪ್ಪನ ಹಳೆಯ ಪೈಜಾಮಗಳನ್ನು ಹರಿದು ಪಟ್ಟಿ ಮಾಡಿ ಗೇಟಿಗೆ ಕಟ್ಟಿ ಬೆಳೆಸಿದ್ದಳು. ಇದು ನಾವು ಕೊಲ್ಲಲು ಹೊರಟಿರುವ ಬಳ್ಳಿ ಎಂದು ಹೇಳಬೇಕೆಂದು ಅವಳು ಮೊದಲ ದಿನವೇ ಅಂದುಕೊಂಡಿದ್ದಳು. ಆದರೆ ಆಗ ತಾನೇ ದೊಡ್ಡಮ್ಮ ಅವಳಿಗೆಂದು ಹೊಸ ದಿಂಬು ತಂದು, ಬಿಸಿಲಿಗೆ ಹಾಕಿ, ತಟ್ಟಿ ತಟ್ಟಿ ಮೆತ್ತಗೆ ಮಾಡುತ್ತಿದ್ದಳು. ದಿಂಬು ಕೊಡುವವರಿಗೆ ಅಂಥದ್ದು ಹೇಗೆ ಹೇಳುವುದು?

ಸ್ನಾನದ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಅವಳು ತನ್ನ ಕೂದಲನ್ನು ನೋಡಿಕೊಂಡಳು. ಸೊಂಟದವರೆಗೆ ಇಳಿಯುವ, ಮನೆತನದ ಆಸ್ತಿಯೆಂದು ಎಲ್ಲರೂ ಹೊಗಳುವ ಕೂದಲು. ಗಾಜಿನ ಮನೆಯಿಂದ ಹೊರಬರುವಾಗ ಬಟ್ಟೆಯೆಲ್ಲ ಅಲ್ಲೇ ಬಿಚ್ಚಿ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿ ಬರಬೇಕು ಎಂಬುದು ನಿಯಮ. ಪುಡಿಯ ಒಂದು ಕಣವೂ ಹೊರಗೆ ಹೋಗಕೂಡದು. ಅವಳು ಮಾಡುತ್ತಿದ್ದಳು, ಶೀತವಾಗುವ ತನಕ. ಆಮೇಲೆ ದೊಡ್ಡಮ್ಮ ಬೆನ್ನು ಹತ್ತಿದಳು: "ದಿನಾ ತಲೆಗೆ ನೀರು ಹಾಕ್ಕೊಂಡ್ರೆ ಒಂದು ಕೂದಲು ಉಳಿಯಲ್ಲ, ಹೇಳಿರ್ತೀನಿ. ಆಮೇಲೆ ನಿಮ್ಮಮ್ಮನಿಗೆ ನಾನೇನು ಉತ್ತರ ಕೊಡ್ಲಿ?" ನೆಗಡಿ, ತಲೆನೋವು, ಒಣಗದ ಜಡೆಯ ಮುಗ್ಗಲು ವಾಸನೆ. ಹೇಗೂ ಸತ್ತು ಬಿದ್ದಿರುವ ಪುಡಿ, ಯಾವ ಎಲೆಗೂ ತಗುಲದ ಪುಡಿ, ಅದಕ್ಕೆ ಇಷ್ಟು ಮರ್ಯಾದೆ ಯಾಕೆ ಎಂದು ಅವಳು ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಮೈಯಷ್ಟನ್ನೇ ತೊಳೆದು ಬರತೊಡಗಿದಳು. ಆ ಕೂದಲನ್ನೇ ಬಿಚ್ಚಿ ಆ ದಿಂಬಿನ ಮೇಲೆ ಮಲಗಿದಳು. ಮೊನ್ನೆ ದೊಡ್ಡಮ್ಮ ದಿಂಬಿನ ಕವರು ಹಿಡಿದುಕೊಂಡು ಬಂದು, "ತಲೆಗೆ ಏನೇ ಹಚ್ಕೋತೀಯಾ ನೀನು? ನೋಡು, ಕೆಂಪು ಪುಡಿ" ಎಂದು ಕೇಳಿದಾಗ ಅವಳು "ಹೊಸಾ ಶಾಂಪೂ" ಎಂದಿದ್ದಳು. ದೊಡ್ಡಮ್ಮ ಕವರನ್ನು ಒಗೆಯುವ ಮುಂಚೆ ಗೇಟಿನ ಹತ್ತಿರ ನಿಂತು, ಬಳ್ಳಿಯ ಮೇಲೆಯೇ, ಪಟಪಟ ಕೊಡವುತ್ತಿದ್ದಳು. ಆಮೇಲೆ ಸಂಜೆ ಪೈಪು ಹಿಡಿದು ಬಳ್ಳಿಯ ತಲೆಯ ಮೇಲಿಂದ ನೀರು ಬಿಡುತ್ತಿದ್ದಳು, ಎಲೆಯೆಲ್ಲ ತೊಟ್ಟಿಕ್ಕುವ ಹಾಗೆ. ರಾತ್ರಿಯೆಲ್ಲ ಒದ್ದೆ. ಕೇಂದ್ರದ ಅಷ್ಟೂ ಜನ, ವಿಮಾನ, ಯಂತ್ರ, ಸಭೆ ಎಲ್ಲ ಸೇರಿ ಮಾಡಲಾರದ್ದನ್ನು ಒಂದು ದಿಂಬಿನ ಕವರು, ಒಂದು ಪೈಪು ಮಾಡಿ ಮುಗಿಸಿದ್ದವು. ಅವಳಿಗೆ ಮತ್ತೆ ನಗು ಬಂತು. ಈ ಸಲ ಬಾಯಿ ಮುಚ್ಚಿಕೊಂಡಳು.

ಇವತ್ತು ಯೋಜನೆಯ ಕೆಲಸ ಪರಿಶೀಲಿಸುವ ಸಮಿತಿ ಕೇಂದ್ರಕ್ಕೆ ಬರುತ್ತಿತ್ತು. ಶಿಲೀಂಧ್ರ ಬಳ್ಳಿಗೆ ತಗುಲಿರುವುದನ್ನು ಕಣ್ಣಾರೆ ನೋಡದಿದ್ದರೆ ಯೋಜನೆ ಬಂದ್ ಎಂದು ಸಮಿತಿಯ ಅಧ್ಯಕ್ಷರು ಮೊದಲೇ ಹೇಳಿಯಾಗಿತ್ತು. ಯೋಜನೆ ಬಂದ್ ಎಂದರೆ ಅವಳ ಪಿಎಚ್‌ಡಿ ಬಂದ್. ನಾಳೆ ಸಾರ್ ಬೇರೆ ಕಳೆ ಹುಡುಕಿಕೊಳ್ಳುತ್ತಾರೆ, ಮಾಲಿ ಬೇರೆ ಕುಂಡ. ಅವಳು ಮಾತ್ರ ಪೆಟ್ಟಿಗೆ ಕಟ್ಟಿಕೊಂಡು ಈ ಮನೆಯಿಂದ ಹೊರಡಬೇಕು, ಹೋದಲ್ಲೆಲ್ಲ ಬ್ರೆಡ್ಡಿನ ಜೋಕು ಅವಳಿಗಿಂತ ಮುಂಚೆಯೇ ತಲುಪಿರುತ್ತದೆ. ಗೇಟಿನ ಮೇಲೆ ಪುರಾವೆ ಇತ್ತು, ಆದರೆ ಅದು ಅವಳ ಗೆಲುವಿಗೂ ಪುರಾವೆ, ಅವಳ ತಪ್ಪಿಗೂ ಪುರಾವೆ, ಒಂದೇ ಎಲೆಯ ಹೊಟ್ಟೆ ಮತ್ತು ಬೆನ್ನು. ದೊಡ್ಡಮ್ಮ ಟೀ ಸೋಸಲು ಒಳಗೆ ಹೋದಳು, ದೊಡ್ಡಪ್ಪನ ಮುಖ ಪೇಪರಿನ ಹಿಂದಿತ್ತು. ಅವಳು ಕತ್ತರಿ ತೆಗೆದುಕೊಂಡು, ಗುಳ್ಳೆ ತುಂಬಿದ ನಾಲ್ಕಾರು ಕುಡಿಗಳನ್ನು ಕಟ್ಟಿದ ಪಟ್ಟಿಯ ಸಮೇತ ಕಚಕಚನೆ ಕತ್ತರಿಸಿ, ಊಟದ ಡಬ್ಬಿ ಖಾಲಿ ಮಾಡಿ ಅದರೊಳಗೆ ಸುರುಳಿ ಸುತ್ತಿ ತುರುಕಿದಳು. ಕದ್ದು ತಂದ ಬಳ್ಳಿಯನ್ನೇ ಕದಿಯುತ್ತಿದ್ದೇನೆ ಎಂದುಕೊಂಡಾಗ ಸ್ವಲ್ಪ ಹಗುರವೆನಿಸಿತು. ಡಬ್ಬಿಯಿಂದ ತೆಗೆದ ಬ್ರೆಡ್ಡನ್ನು ಎಲ್ಲಿ ಹಾಕುವುದೆಂದು ತಿಳಿಯದೆ ನಿಂತಲ್ಲೇ ಎರಡೂ ತುಂಡು ಬಾಯಿಗೆ ತುರುಕಿಕೊಂಡಳು. ದೊಡ್ಡಮ್ಮ ಹೊರಗೆ ಬಂದು, "ಟೀ ಬಿಟ್ಟು ಎಲ್ಲಿಗೇ ಓಟ? ಬಳ್ಳಿಗೇನು ಅಂತ ಹೇಳ್ಲೇ ಇಲ್ವಲ್ಲ!" ಎಂದಾಗ ಬಾಯಿ ತುಂಬಿತ್ತು, ಅದೊಂದು ಅನುಕೂಲ. ಕೈಯಾಡಿಸಿ ಬಸ್ಸು ಹತ್ತಿದಳು.

ಗಾಜಿನ ಮನೆಗೆ ಎರಡು ಬಾಗಿಲು, ಎರಡರ ನಡುವೆ ಕಾಲು ಅದ್ದುವ ಔಷಧದ ನೀರು, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ: ಇಲ್ಲಿಂದ ಏನನ್ನೂ ಹೊರಗೆ ಒಯ್ಯಬಾರದು. ಒಳಗೆ ತರಬಾರದು ಎಂದು ಯಾರೂ ಬರೆದಿರಲಿಲ್ಲ. ರೋಗವನ್ನು ಯಾರಾದರೂ ಹೊರಗಿನಿಂದ ಈ ಕೋಣೆಗೆ, ಅದೂ ಊಟದ ಡಬ್ಬಿಯಲ್ಲಿ, ಹೊತ್ತು ತರುವ ಕಾಲ ಬರುತ್ತದೆಂದು ಆ ಬೋರ್ಡು ಬರೆದವರಿಗೆ ಕನಸೂ ಬಿದ್ದಿರಲಾರದು. ಅವಳು ಒದ್ದೆ ಮಣ್ಣಿನ ಕುಂಡದಲ್ಲಿ ಕುಡಿಗಳನ್ನು ಚುಚ್ಚಿ, ಕೋಲಿಗೆ ಹಬ್ಬಿಸಿ, ಎಲೆಗೆ ನೀರು ಸಿಂಪಡಿಸಿದಳು. ಮಧ್ಯಾಹ್ನದವರೆಗೆ ಬಾಡದಿದ್ದರೆ ಸಾಕು. ಮಾಲಿ ಬಂದು ನೋಡಿದ, ಕುಂಡದ ಸುತ್ತ ಒಂದು ಸುತ್ತು ಬಂದ. "ಇದು ನಾನು ನೆಟ್ಟಿದ್ದಲ್ಲ" ಎಂದ. ಅವಳು ಎಲೆಗೆ ಮತ್ತೊಮ್ಮೆ ನೀರು ಸಿಂಪಡಿಸಿದಳು. "ಆಯ್ತು ಬಿಡಮ್ಮ, ಇದಾದ್ರೂ ಬದುಕಿರೋ ಥರ ಕಾಣುತ್ತೆ" ಎಂದು ಹೊರಟುಹೋದ.

ಸಮಿತಿಯವರು ಬಿಳಿ ಕೋಟು, ಕಾಲಿಗೆ ಪ್ಲಾಸ್ಟಿಕ್ ಚೀಲ, ತಲೆಗೆ ಟೋಪಿ ತೊಟ್ಟು, ಯಾವುದೋ ಹೋಟೆಲಿನ ಅಡುಗೆಮನೆ ತಪಾಸಣೆಗೆ ಬಂದವರ ಹಾಗೆ ಸಾಲಾಗಿ ಒಳಗೆ ಬಂದರು. ನಾಳೆ ಸಾರ್ ಮುಖ ಬಿಳಿಚಿಕೊಂಡಿತ್ತು. ಏನೂ ಇಲ್ಲದ್ದನ್ನು ತೋರಿಸುವ ಮುಂಚೆ ಎಷ್ಟು ಹೊತ್ತು ಮಾತಾಡಬಹುದೋ ಅಷ್ಟು ಹೊತ್ತು ಬಾಗಿಲಲ್ಲೇ ಮಾತಾಡಿದರು. ಅಧ್ಯಕ್ಷರಿಗೆ ವಯಸ್ಸಾಗಿತ್ತು, ಬೇಸರವಾಗಿತ್ತು. ಮಾತಿನ ನಡುವೆಯೇ ಅವರನ್ನು ದಾಟಿ ಮುಂದೆ ಬಂದು, ಅವಳ ಕುಂಡದ ಮುಂದೆ ನಿಂತು, ಒಂದು ಎಲೆ ತಿರುವಿದರು. ಕಿತ್ತಳೆ ಪುಡಿ ಅವರ ಬೆರಳಿಗೆ ಅಂಟಿತು.

"ಅರೆ! ತಗುಲಿದೆಯಲ್ರೀ!"

ನಾಳೆ ಸಾರ್ ಬಂದು ಬಗ್ಗಿ ನೋಡಿದರು. ಕನ್ನಡಕ ತೆಗೆದು ನೋಡಿದರು. ಎಲೆಯ ಮೇಲಿಂದ ಅವರ ಕಣ್ಣು ಅವಳ ಮುಖಕ್ಕೆ, ಅಲ್ಲಿಂದ ಮತ್ತೆ ಎಲೆಗೆ ಹೋಯಿತು. ಆ ಒಂದು ಕ್ಷಣದಲ್ಲಿ ಅವಳು ಒಪ್ಪಿಕೊಂಡುಬಿಡಲು ಬಾಯಿ ತೆರೆದಿದ್ದಳು, ನಿಜವಾಗಿಯೂ ತೆರೆದಿದ್ದಳು. ಆದರೆ ಸಾರ್ ಆಗಲೇ ಬೆನ್ನು ನೇರ ಮಾಡಿಕೊಂಡು, "ಹೌದು ಸರ್, ಇದು ನಮ್ಮ ತಂಡದ ಬಹಳ ದಿನದ ಶ್ರಮ" ಎಂದು ಶುರು ಮಾಡಿಯಾಗಿತ್ತು.

"ಇದೇನಿದು, ಬಟ್ಟೆ?" ಅಧ್ಯಕ್ಷರು ಕಾಂಡಕ್ಕೆ ಕಟ್ಟಿದ್ದ ದೊಡ್ಡಪ್ಪನ ಪೈಜಾಮದ ತುಂಡನ್ನು ಎತ್ತಿ ಹಿಡಿದರು. ನೀಲಿ ಬಿಳಿ ಪಟ್ಟೆ, ಒಂದು ಕಡೆ ಲಾಡಿಯ ಹೊಲಿಗೆಯೂ ಉಳಿದಿತ್ತು.

"ಗುರುತು ಸರ್" ಎಂದರು ನಾಳೆ ಸಾರ್, ಕಣ್ಣು ಮಿಟುಕಿಸದೆ. "ಸೋಂಕು ತಗುಲಿದ್ದಕ್ಕೆ ಪಟ್ಟೆ ಬಟ್ಟೆ, ತಗುಲದ್ದಕ್ಕೆ ಸಾದಾ. ಗೊಂದಲ ಆಗಬಾರದಲ್ಲ."

"ಒಳ್ಳೇ ಶಿಸ್ತು" ಎಂದರು ಅಧ್ಯಕ್ಷರು. ಸಮಿತಿಯವರು ಒಬ್ಬೊಬ್ಬರಾಗಿ ಬಂದು ಪೈಜಾಮವನ್ನು ಮುಟ್ಟಿ ನೋಡಿದರು. ಒಬ್ಬರು ಫೋಟೋ ತೆಗೆದುಕೊಂಡರು. ದೊಡ್ಡಪ್ಪ ಇಷ್ಟು ವರ್ಷ ಬದುಕಿ ಯಾರಿಂದಲೂ ಪಡೆಯದ ಗೌರವವನ್ನು ಅವನ ಹಿಂಭಾಗದ ಬಟ್ಟೆ ಪಡೆಯುತ್ತಿದೆ ಎಂದು ಅವಳಿಗೆ ಅನಿಸಿ, ನಗು ತಡೆಯಲು ತುಟಿ ಕಚ್ಚಿಕೊಂಡಳು; ನೋಡಿದವರಿಗೆ ಅದು ವಿನಯದ ಹಾಗೆ ಕಂಡಿರಬೇಕು. ಅಧ್ಯಕ್ಷರು ಅವಳ ಕಡೆ ತಿರುಗಿ ಕೇಳಿದರು: "ಗಾಜಿನ ಮನೆಯೊಳಗೆ ಸರಿ. ಹೊರಗೆ ಬಿಟ್ರೆ ಕೆಲಸ ಮಾಡುತ್ತೇನಮ್ಮ ಇದು?"

"ಅದನ್ನ ನಾಳೆ..." ಎಂದರು ಸಾರ್.

"ಮಾಡುತ್ತೆ ಸರ್" ಎಂದಳು ಅವಳು.

"ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯ?"

ನೀಲಿ ಗೇಟು ಕಣ್ಣ ಮುಂದೆ ಬಂತು, ಬಕೆಟ್ಟಿನ ಕೆಂಪು ನೀರು ಬಂತು, ಬಟ್ಟೆ ಹಿಂಡುವ ಕೈ ಬಂತು. "ನಂಬಿಕೆ ಸರ್" ಎಂದಳು. ಎಲ್ಲರೂ ನಕ್ಕರು. ಯುವಜನರ ಉತ್ಸಾಹದ ಬಗ್ಗೆ ಅಧ್ಯಕ್ಷರು ಎರಡು ಮಾತಾಡಿದರು. ಯೋಜನೆ ಉಳಿಯಿತು, ಬಿಸ್ಕತ್ತು ಬಂತು, ಟೀ ಬಂತು, ಅವಳ ಕಪ್ಪಿಗೆ ಮೊಟ್ಟಮೊದಲ ಬಾರಿಗೆ ಸಾಸರೂ ಬಂತು.

ಕಾರುಗಳು ಹೋದ ಮೇಲೆ ನಾಳೆ ಸಾರ್ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಬೈಗುಳಕ್ಕೆ ಅವಳು ಬೆನ್ನು ಗಟ್ಟಿ ಮಾಡಿಕೊಂಡಳು. ಅವರು ಕೇಳಿದ್ದು ಒಂದೇ: "ಎಲ್ಲಿದೆ?" ಹೇಳಿದಳು. ಕೂದಲು, ದಿಂಬು, ಗೇಟು, ಪೈಪು, ಎಲ್ಲ ಹೇಳಿದಳು. ಹೇಳುತ್ತ ಹೋದ ಹಾಗೆ ಅವರ ಮುಖ, ಪಾಪ, ಅರಳುತ್ತ ಹೋಯಿತು. ನಿಯಮ ಎಂಬ ಮಾತು ಬರುತ್ತದೆಂದು ಅವಳು ಕಾದಳು. ಶಿಕ್ಷೆ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಯಾರಾದರೂ ಒಂದು ಸಲ ಜೋರಾಗಿ ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ನಡಿ, ಈಗಲೇ ನೋಡ್ಬೇಕು" ಎಂದರು ಅವರು. ಆ ಬಾಯಲ್ಲಿ ಈಗಲೇ ಎಂಬ ಮಾತನ್ನು ಕೇಂದ್ರದ ಯಾರೂ ಈವರೆಗೆ ಕೇಳಿರಲಿಲ್ಲ. ಕಾರಿನಲ್ಲಿ ಅವಳು ಮುಂದೆ ಕೂರುವುದೋ ಹಿಂದೆ ಕೂರುವುದೋ ಎಂದು ತಡವರಿಸಿದಳು. ಹಿಂದೆ ಕೂತರೆ ಅವರು ಡ್ರೈವರಾಗುತ್ತಾರೆ, ಮುಂದೆ ಕೂತರೆ ತಾನು ಏನೋ ಆಗುತ್ತೇನೆ. ಮುಂದೆಯೇ ಕೂತಳು, ಬ್ಯಾಗನ್ನು ಗುರಾಣಿಯ ಹಾಗೆ ಮಡಿಲಲ್ಲಿಟ್ಟುಕೊಂಡು. ದಾರಿಯುದ್ದಕ್ಕೂ ಅವರು ಸಿಳ್ಳೆ ಹಾಕುತ್ತಿದ್ದರು. ದೊಡ್ಡಮ್ಮನ ಮುಂದೆ ಏನೂ ಹೇಳಬೇಡಿ ಸಾರ್ ಎಂದು ಕೇಳಿಕೊಳ್ಳಬೇಕು, ಮುಂದಿನ ತಿರುವಿನಲ್ಲಿ ಕೇಳಿಕೊಳ್ಳುತ್ತೇನೆ ಎಂದುಕೊಂಡಳು. ತಿರುವುಗಳು ಬಂದವು, ಹೋದವು. ಮನೆ ಬಂತು.

ಗೇಟಿನಲ್ಲಿ ಪಟ್ಟೆ ಬಟ್ಟೆಯ ಗಂಟುಗಳು, ಗೇಟಿನ ಹಿಂದೆ ಅದೇ ಪಟ್ಟೆಯ ಹೊಸ ಪೈಜಾಮದಲ್ಲಿ ದೊಡ್ಡಪ್ಪ. ನಾಳೆ ಸಾರ್ ಅದನ್ನೂ ನೋಡಿದರು, ಇದನ್ನೂ ನೋಡಿದರು, ಯಾವುದೋ ಲೆಕ್ಕ ತಾಳೆಯಾದವರ ಹಾಗೆ ತಲೆಯಾಡಿಸಿದರು. "ನಮಸ್ಕಾರ, ಬನ್ನಿ ಬನ್ನಿ" ಎಂದ ದೊಡ್ಡಪ್ಪ. "ನಮ್ಮ ಬೂಷ್ಟಿನ ಗುರುಗಳಾ? ಅಂದ್ರೆ ತಾವು ದೊಡ್ಡ ಬೂಷ್ಟು."

"ಸುಮ್ನಿರ್ರೀ" ಎಂದು ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. "ಬೆಳಿಗ್ಗೆ ಓಡಿದ್ದು ಇದಕ್ಕೇನಾ? ಬಳ್ಳಿ ತೋರಿಸೋಕೆ ಸಾರನ್ನೇ ಕರ್ಕೊಂಡು ಬಂದ್ಯಾ?" ಅವಳ ಕಡೆ ನೋಡಿದ ಆ ಕಣ್ಣಿನಲ್ಲಿದ್ದ ಹೆಮ್ಮೆಯನ್ನು ತಡೆಯಲಾರದೆ ಅವಳು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದಳು. "ನೋಡಿ ಸಾರ್, ಬೆಳಿಗ್ಗೆಯಿಂದ ಒರೆಸಿ ಒರೆಸಿ ಕೈ ಸೋತೋಯ್ತು. ಒರೆಸಿದ್ದು ಸಂಜೆಗೆ ಮತ್ತೆ. ಅದೂ ಸಾಲದು ಅಂತ ಯಾರೋ ಹಾಳಾದೋರು ಕುಡಿ ಬೇರೆ ಕತ್ತರಿಸ್ಕೊಂಡು ಹೋಗಿದ್ದಾರೆ."

ನಾಳೆ ಸಾರ್ ಬಳ್ಳಿಯ ಬುಡದಲ್ಲಿ ಮೊಣಕಾಲೂರಿದರು. ಇಸ್ತ್ರಿ ಹಾಕಿದ ಪ್ಯಾಂಟು ಕೆಸರಿನಲ್ಲಿತ್ತು. ಎಲೆ ತಿರುವಿದರು, ಇನ್ನೊಂದು ತಿರುವಿದರು, ಬಳ್ಳಿಯ ನಡುವೆ ನುಸುಳಿದ್ದ ಪಕ್ಕದ ಬೇಲಿಯ ಸೊಪ್ಪನ್ನೂ ತಿರುವಿದರು. ಅದಕ್ಕೆ ಏನೂ ಆಗಿರಲಿಲ್ಲ, ಹಸಿರಾಗಿ ಮಿರಮಿರ ಮಿಂಚುತ್ತಿತ್ತು. ಬೇರೆ ಯಾವುದನ್ನೂ ಮುಟ್ಟದೆ ಇದೊಂದನ್ನೇ. ಸಭೆಯಲ್ಲಿ ಹೇಳಿದ ಸುಳ್ಳು ಇಲ್ಲಿ ಈ ಕೆಸರಿನಲ್ಲಿ ತನ್ನಷ್ಟಕ್ಕೆ ನಿಜವಾಗಿ ಕೂತಿತ್ತು. ಸಾರ್ ಮುಖವೆತ್ತಿದಾಗ ಕಣ್ಣು ತುಂಬಿತ್ತು, ಒಂದು ಹನಿ ಮೂಗಿನ ಪಕ್ಕ ಇಳಿಯಿತು.

"ನೋಡೇ" ಎಂದು ದೊಡ್ಡಮ್ಮ ಅವಳ ತೋಳು ಹಿಡಿದು ಪಿಸುಗುಟ್ಟಿದಳು, "ಎಂಥಾ ಕರುಳು ನೋಡು ನಿಮ್ಮ ಸಾರ್‌ಗೆ! ಯಾರದೋ ಮನೆ ಬಳ್ಳಿಗೆ ಕಣ್ಣೀರು ಹಾಕ್ತಾರೆ. ನೀನು ಅವರನ್ನ ನೋಡಿ ಕಲಿ." ಆಮೇಲೆ ಗಟ್ಟಿಯಾಗಿ, "ಔಷಧಿ ಏನಾದ್ರೂ ಹೊಡೀಬೇಕಾ ಸಾರ್?"

"ಬೇಡ ಬೇಡ! ಏನೂ ಹೊಡೀಬೇಡಿ ಅಮ್ಮ. ಒರೆಸ್ಲೂಬೇಡಿ. ಹೀಗೇ ಬಿಟ್ಬಿಡಿ, ಸಂಜೆ ನೀರು ಮಾತ್ರ ಹಾಕ್ತಾ ಇರಿ."

"ಹಾಗಂತೀರಾ? ನಾನು, ಇದು ಹೋದ್ರೆ ಹೋಗ್ಲಿ, ವಂಶ ಉಳೀಲಿ ಅಂತ, ಬೀದಿಯವರಿಗೆಲ್ಲ ಒಂದೊಂದು ಕಡ್ಡಿ ಕೊಟ್ಬಿಟ್ಟೆ ಇವತ್ತು. ಎದುರುಮನೆಗೆ, ಆ ಟೈಲರಿಗೆ, ಮೂಲೆ ಅಂಗಡಿಯವನಿಗೆ. ನಿಮಗೂ ಒಂದು ಎತ್ತಿಟ್ಟಿದ್ದೀನಿ, ತಡೀರಿ." ದೊಡ್ಡಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಯೊಂದನ್ನು ತಂದು ಅವರ ಕೈಯಲ್ಲಿಟ್ಟಳು. ಕತ್ತುಬಳ್ಳಿಯ ನಿರ್ಮೂಲನೆಗಾಗಿ ಸಂಬಳ ಪಡೆಯುವವರು ಅದನ್ನು ಎರಡೂ ಕೈಯಿಂದ ತೆಗೆದುಕೊಂಡರು, ಥ್ಯಾಂಕ್ಸ್ ಎಂದರು. ಬಳ್ಳಿಯನ್ನೂ ಅದರ ಶತ್ರುವನ್ನೂ ಒಂದೇ ಪೊಟ್ಟಣದಲ್ಲಿ ಬೀದಿಗೆಲ್ಲ ಹಂಚಿದ್ದ ದೊಡ್ಡಮ್ಮ ತೃಪ್ತಿಯಿಂದ ಉಸಿರುಬಿಟ್ಟಳು.

ಆಮೇಲೆ ಅವಳ ಕಡೆ ತಿರುಗಿದಳು. "ಸಾರು ದೊಡ್ಡೋರು, ಸಮಾಧಾನಕ್ಕೆ ಹೇಳ್ತಾರೆ. ನೀನು ನಮ್ಮೋಳು. ನೀನು ಹೇಳು, ಉಳಿಯುತ್ತಾ?"

ದೊಡ್ಡಪ್ಪ ಪೇಪರ್ ಮಡಚಿದ. ಸಾರ್ ಕಡ್ಡಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು, ಸಭೆಯಲ್ಲಿ ಶಿಷ್ಯೆಯ ಉತ್ತರಕ್ಕೆ ಕಾಯುವ ಹಾಗೆ. ಉಳಿಯುತ್ತೆ ಎನ್ನಬಹುದಿತ್ತು. ಅದು ಸುಲಭವಿತ್ತು, ಬೆಳಗಿನಿಂದ ಹೇಳಿದ್ದೆಲ್ಲಕ್ಕೂ ಹೊಂದಿಕೊಳ್ಳುತ್ತಿತ್ತು.

"ಇಲ್ಲ ದೊಡ್ಡಮ್ಮ. ಹೋಗುತ್ತೆ."

ದೊಡ್ಡಮ್ಮ ಏನೋ ಹೇಳುವ ಮುಂಚೆ ನಾಳೆ ಸಾರ್ ತಡೆಯಲಾರದೆ ಹೋದರು. "ಬೇಜಾರು ಮಾಡ್ಕೋಬೇಡಿ ಅಮ್ಮ! ನೀವು ಹೆಮ್ಮೆ ಪಡ್ಬೇಕು. ಇದನ್ನ ತಂದಿದ್ದೇ ಇವಳು. ನಮ್ಮ ಕೈಲಿ ಯಾರ ಕೈಲೂ ಆಗದ್ದನ್ನ ನಿಮ್ಮ ಹುಡುಗಿ ಮಾಡಿದ್ದಾಳೆ. ಇಡೀ ಬಳ್ಳಿ, ನೋಡ್ತಾ ಇರಿ, ತಿಂಗಳೊಳಗೆ ಒಂದು ಎಲೆ ಉಳಿಯಲ್ಲ!"

ಅಷ್ಟು ಸಂತೋಷದಿಂದ ಯಾರೂ ಅವಳನ್ನು ಹೊಗಳಿರಲಿಲ್ಲ. ದೊಡ್ಡಪ್ಪನಿಗೂ ಜೋಕು ಸಿಗಲಿಲ್ಲ. ಬಾಯಿ ತೆರೆದ, ಹೆಂಡತಿಯ ಮುಖ ನೋಡಿದ, ಮುಚ್ಚಿಕೊಂಡ. ದೊಡ್ಡಮ್ಮ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಳು. ಕಿತ್ತಳೆ ಕಲೆಗಳನ್ನು ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿದಳು. ಉಜ್ಜಿದ ಬೆರಳನ್ನು ಅವಳ ಕೂದಲಿನ ಹತ್ತಿರ ತಂದಳು, ಮುಟ್ಟಲಿಲ್ಲ, ಬಣ್ಣ ಹೋಲಿಸುವವಳ ಹಾಗೆ ಅಲ್ಲೇ ಹಿಡಿದು ವಾಪಸು ತೆಗೆದುಕೊಂಡಳು.

"ಶಾಂಪೂ" ಎಂದಳು.

"ದೊಡ್ಡಮ್ಮ, ನಾನು..."

"ಸಾರ್‌ಗೆ ಟೀ ಕೊಡಬೇಕು" ಎಂದು ದೊಡ್ಡಮ್ಮ ಒಳಗೆ ಹೋದಳು. ಟೀ ಕೊಟ್ಟಳು, ಸಕ್ಕರೆ ಸಾಕೇ ಎಂದು ಕೇಳಿದಳು, ಕಡ್ಡಿಯನ್ನು ನೆರಳಲ್ಲಿ ನೆಡಿ ಎಂದು ಹೇಳಿ ಕಾರಿನವರೆಗೂ ಹೋಗಿ ಕಳಿಸಿದಳು. ರಾತ್ರಿ ಊಟಕ್ಕೆ ಎಂದಿನ ಹಾಗೆ ಬಡಿಸಿದಳು, ಅವಳು ಬೇಡವೆಂದರೂ ಎರಡನೆಯ ಸಲ ಹಾಕಿದಳು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳು ತುತ್ತು ತುತ್ತಿಗೂ ಕಾದಳು. ತಟ್ಟೆ ತೊಳೆಯಲು ಎದ್ದಾಗ ದೊಡ್ಡಮ್ಮ ಅವಳ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು, ತಾನೇ ತೊಳೆದಳು, ಬೆನ್ನು ತಿರುಗಿಸಿಯೇ ಹೇಳಿದಳು:

"ಇನ್ಮೇಲೆ ನಿನ್ನ ದಿಂಬಿನ ಕವರು ನೀನೇ ಒಗ್ಕೋ."

ಕೋಣೆಗೆ ಬಂದಾಗ ಮಂಚದ ಮೇಲೆ ದಿಂಬು ಕವರಿಲ್ಲದೆ, ಹೊಲಿಗೆಯೆಲ್ಲ ಕಾಣುವ ಹಾಗೆ, ಬರಿಮೈಯಲ್ಲಿ ಬಿದ್ದಿತ್ತು. ಕವರು ಅದರ ಪಕ್ಕದಲ್ಲಿ ನೀಟಾಗಿ ಮಡಚಿಟ್ಟಿತ್ತು, ಒಗೆಯದೆ.